ಮೊದಲ ಗಾಳಿ ದೋಣಿ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಮುಗಿದು ಕೆರೆಗಳು ತುಂಬಿ ನಿಂತಾಗ ನಮ್ಮ ಕಡೆ ತುಂಬಾ ಜನರಿಗೆ ಒಂದು ಆಸೆ ಹುಟ್ಟುತ್ತದೆ. ಸಣ್ಣದೊಂದು ಗಾಳಿ ತುಂಬುವ ದೋಣಿ ಇದ್ದರೆ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಬಹುದು, ಗಾಳ ಹಾಕಿ ಕೂರಬಹುದು ಅಂತ. ಆಸೆ ಒಳ್ಳೆಯದೇ. ಆದರೆ ಹೆಚ್ಚಿನವರು ಮೊದಲು ದೋಣಿ ಕೊಂಡು ಆಮೇಲೆ ನೀರು ಹುಡುಕುತ್ತಾರೆ. ನೀರು ಯಾವುದು ಎಂದು ಗೊತ್ತಾದ ಮೇಲೆ ದೋಣಿ ಆರಿಸುವುದು ಸುಲಭ, ದುಡ್ಡೂ ಉಳಿಯುತ್ತದೆ. ಕೆಳಗಿನ ಉತ್ತರಗಳನ್ನು ಆ ಲೆಕ್ಕದಲ್ಲೇ ಬರೆದಿದ್ದೇವೆ.

ಅಂಗಡಿಗೆ ಹೋಗುವ ಮೊದಲು ಏನು ತೀರ್ಮಾನ ಮಾಡಿಕೊಳ್ಳಬೇಕು?

ಯಾವ ನೀರು, ಯಾವ ತಿಂಗಳು, ಎಷ್ಟು ಜನ. ಇಷ್ಟೇ.

ನಮ್ಮ ಮೂರು ಜಿಲ್ಲೆಗಳ ಕೆರೆಗಳು ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಬೀಸುಗಾಳಿ, ಕೆಂಪು ನೀರು. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನೀರು ತಿಳಿಯಾಗಿ ತುಂಬಿರುತ್ತದೆ, ಬೆಳಗಿನ ಹೊತ್ತು ಗಾಳಿಯೂ ಕಡಿಮೆ. ಮಾರ್ಚ್ ಬಂತೆಂದರೆ ಎಷ್ಟೋ ಕೆರೆ ಅಂಚಿನಿಂದ ಒಣಗುತ್ತಾ ಹೋಗುತ್ತದೆ. ಆಗ ನೀರು ಮುಟ್ಟಬೇಕಾದರೆ ದೋಣಿ ಹೊತ್ತುಕೊಂಡು ಎರೆ ಮಣ್ಣಿನ ಕೆಸರಲ್ಲಿ ದೂರ ನಡೆಯಬೇಕು. ಅಂದರೆ ನಿಮ್ಮ ದೋಣಿ ವರ್ಷದ ಅರ್ಧ ಭಾಗ ಮನೆಯಲ್ಲೇ ಇರುತ್ತದೆ. ಇಬ್ಬರು ಸೇರಿ ಎತ್ತಲು ಆಗುವಂಥದ್ದು, ಕಾರಿನ ಡಿಕ್ಕಿಯಲ್ಲಿ ಹಿಡಿಸುವಂಥದ್ದು, ಮನೆಯಲ್ಲಿ ಇಡಲು ಜಾಗ ಇರುವಂಥದ್ದು ಬೇಕು. ಮೊದಲ ದೋಣಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಕಡೆ ಯಾವ ಕೆರೆಗೆ ಇಳಿಸಬಹುದು?

ಕಂಡ ಕೆರೆಗೆಲ್ಲ ಇಳಿಸುವಂತಿಲ್ಲ. ಹುಬ್ಬಳ್ಳಿಯ ಉಣಕಲ್ ಕೆರೆ ಊರೊಳಗೇ ಇದೆ, ನಿಜ. ಆದರೆ ಮಹಾನಗರ ಪಾಲಿಕೆಯನ್ನು ಕೇಳದೆ ಅಲ್ಲಿ ಸ್ವಂತ ದೋಣಿ ಬಿಡಬೇಡಿ. ಅಂತರಗಂಗೆ ಹಬ್ಬಿದ ಸಮಯದಲ್ಲಂತೂ ಅದರ ಬೇರು ಹುಟ್ಟಿಗೆ ಸುತ್ತಿಕೊಂಡು ದೋಣಿ ಮುಂದೆ ಹೋಗುವುದೇ ಕಷ್ಟ. ಧಾರವಾಡದ ಕೆಲಗೇರಿ ಕೆರೆಯಲ್ಲೂ ಅದರ ಉಸ್ತುವಾರಿ ಇರುವವರನ್ನು ಕೇಳದೆ ದೋಣಿ ಬಿಡಬೇಡಿ. ನೀರಸಾಗರ ಕುಡಿಯುವ ನೀರಿನ ಜಲಾಶಯ. ಅದನ್ನು ಪಟ್ಟಿಯಿಂದ ತೆಗೆದುಬಿಡಿ.

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ವಿಷಯ ಬೇರೆಯೇ. ಅದು ಸಂರಕ್ಷಿತ ತಾಣ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಹಿಂಡು ಹಿಂಡಾಗಿ ಇಳಿಯುತ್ತವೆ. ನಮಗೆ ದೋಣಿಗೆ ಚೆನ್ನಾಗಿರುವ ತಿಂಗಳುಗಳೇ ಅವುಗಳಿಗೆ ವಿಶ್ರಾಂತಿಯ ತಿಂಗಳುಗಳು. ಅಲ್ಲಿಗೆ ದುರ್ಬೀನು ತೆಗೆದುಕೊಂಡು ಹೋಗಿ, ಮಕ್ಕಳಿಗೆ ಹಕ್ಕಿ ತೋರಿಸಿ. ದೋಣಿ ಬೇಡ.

ಡಂಬಳದ ಕೆರೆ, ಹಾವೇರಿಯ ಹೆಗ್ಗೇರಿ, ಮದಗ-ಮಾಸೂರು ಕೆರೆಯಂಥ ದೊಡ್ಡ ನೀರಿಗೆ ಇಳಿಯುವ ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ವಿಚಾರಿಸಿ. ಗ್ರಾಮ ಪಂಚಾಯ್ತಿ ಇರಬಹುದು, ಸಣ್ಣ ನೀರಾವರಿ ಇಲಾಖೆ ಇರಬಹುದು, ಪುರಸಭೆ ಇರಬಹುದು. ನವಿಲುತೀರ್ಥದ ರೇಣುಕಾ ಸಾಗರ ಧಾರವಾಡದಿಂದ ದೂರವೇನಲ್ಲ. ಆದರೆ ಅದು ಅಣೆಕಟ್ಟಿನ ಹಿನ್ನೀರು. ಅಲ್ಲಿಯೂ ಒಪ್ಪಿಗೆ ಬೇಕು, ಜೊತೆಗೆ ಅಷ್ಟು ಅಗಲದ ನೀರು ಹೊಸಬರಿಗೆ ಜಾಸ್ತಿಯಾಯಿತು.

ನಮ್ಮನ್ನು ಕೇಳಿದರೆ ಮೊದಲ ವರ್ಷಕ್ಕೆ ನಿಮ್ಮ ಬೀಗರ ಊರಿನ ಅಥವಾ ಸೋದರಮಾವನ ಊರಿನ ಕೆರೆಯೇ ಸರಿ. ಪಂಚಾಯ್ತಿಯವರ ಪರಿಚಯ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲಿ ಆಳ, ಎಲ್ಲಿ ಹಳೇ ಬಾವಿ ಮುಳುಗಿದೆ, ಎಲ್ಲಿ ಜಾಲಿ ಬೊಡ್ಡೆ ನೀರೊಳಗೆ ನಿಂತಿದೆ ಎಂದು ಬೇಸಿಗೆಯಲ್ಲಿ ಒಣಗಿದ ಕೆರೆ ಕಂಡ ಊರಿನ ಹಿರಿಯರು ಹೇಳಬಲ್ಲರು. ಇದು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

ಗಾಳ ಹಾಕಲು ಯಾರ ಅನುಮತಿ ಬೇಕು?

ದೋಣಿಗೆ ಒಪ್ಪಿಗೆ ಸಿಕ್ಕಿತು ಎಂದರೆ ಮೀನಿಗೂ ಸಿಕ್ಕಿತು ಅಂದುಕೊಳ್ಳಬೇಡಿ. ಎಷ್ಟೋ ಕೆರೆಗಳ ಮೀನನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ದೊಡ್ಡ ಕೆರೆಯಾದರೆ ಮೀನುಗಾರಿಕೆ ಇಲಾಖೆ, ಸಣ್ಣದಾದರೆ ಪಂಚಾಯ್ತಿ. ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘದವರು ತಮ್ಮ ದುಡ್ಡಲ್ಲಿ ಮರಿ ಬಿಟ್ಟಿರುತ್ತಾರೆ. ಕಟ್ಲಾ, ರೋಹು, ಮೃಗಾಲ ಮರಿಗಳು ತೂಗುವಷ್ಟು ದೊಡ್ಡದಾಗಲು ತಿಂಗಳುಗಟ್ಟಲೆ ಕಾಯಬೇಕು. ನೀವು ಭಾನುವಾರ ಬಂದು ಎತ್ತಿಕೊಂಡು ಹೋಗುವ ಮೀನು ಅವರ ಹೊಟ್ಟೆಪಾಡು. ಸಂಘದವರನ್ನು ಮೊದಲೇ ಭೇಟಿ ಮಾಡಿ, ಏನು ಕೊಡಬೇಕೋ ಕೊಟ್ಟು, ಒಪ್ಪಿದ ಮೇಲೆಯೇ ಗಾಳ ಬಿಚ್ಚಿ.

ನದಿ, ಜಲಾಶಯಗಳಿಗೆ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ, 1996 ಅನ್ವಯಿಸುತ್ತದೆ. ಲೈಸೆನ್ಸ್ ಬಗ್ಗೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ. ಮಳೆಗಾಲದಲ್ಲಿ ಗೆಂಡೆ ಜಾತಿಯ ಮೀನುಗಳು ಮೊಟ್ಟೆ ಇಡಲು ಹೊಳೆಯಲ್ಲಿ ಮೇಲಕ್ಕೆ ಏರುತ್ತವೆ. ನಿಯಮ ಏನೇ ಇರಲಿ, ಆ ತಿಂಗಳುಗಳಲ್ಲಿ ಮೊಟ್ಟೆ ತುಂಬಿದ ಮೀನು ಹಿಡಿಯದಿರುವುದು ಒಳ್ಳೆಯದು.

ಆನ್‌ಲೈನ್‌ನಲ್ಲಿ ತುಂಬಾ ಅಗ್ಗಕ್ಕೆ ದೋಣಿ ಸಿಗುತ್ತಲ್ಲ, ಅದು ಸಾಕಾಗುವುದಿಲ್ಲವಾ?

ಈಜುಕೊಳಕ್ಕೆ ಸಾಕು, ಕೆರೆಗೆ ಸಾಲದು. ನೋಡಲು ಎರಡೂ ಒಂದೇ ಥರ ಇರುತ್ತವೆ, ಅದಕ್ಕೇ ಜನ ಗೊಂದಲಕ್ಕೆ ಬೀಳುತ್ತಾರೆ. ಇಂಟೆಕ್ಸ್, ಬೆಸ್ಟ್‌ವೇಯಂಥ ಕಂಪನಿಗಳು ಮಕ್ಕಳ ಆಟದ ದೋಣಿಯಿಂದ ಹಿಡಿದು ಮೋಟಾರ್ ಕೂರಿಸುವ ದೋಣಿವರೆಗೆ ಎಲ್ಲ ಮಾಡುತ್ತವೆ. ಹೆಸರು ನೋಡಿ ಕೊಳ್ಳಬೇಡಿ, ಮಾಡೆಲ್‌ನ ವಿವರ ಓದಿ.

ಅಗ್ಗದ ದೋಣಿ ಬರೀ ಪ್ಲಾಸ್ಟಿಕ್ ಹಾಳೆಯದು, ಒಳಗೆ ಬಟ್ಟೆ ಇರುವುದಿಲ್ಲ. ಗಟ್ಟಿ ದೋಣಿಯ ಪಿವಿಸಿ ಹಾಳೆಯ ನಡುವೆ ಪಾಲಿಯೆಸ್ಟರ್ ನೇಯ್ಗೆ ಇರುತ್ತದೆ. ಬಟ್ಟೆ ಇಲ್ಲದ್ದಕ್ಕೆ ಮುಳ್ಳು ತಾಗಿದರೆ ಹರಿದುಕೊಂಡು ಹೋಗಬಹುದು. ನೇಯ್ಗೆ ಇದ್ದರೆ ತೂತು ತೂತಾಗಿಯೇ ಉಳಿಯುತ್ತದೆ. ನಮ್ಮ ಕೆರೆ ದಂಡೆಯಲ್ಲಿ ಬಳ್ಳಾರಿ ಜಾಲಿ ಎಷ್ಟಿದೆ ಎಂದು ನಿಮಗೇ ಗೊತ್ತು.

ಇನ್ನೊಂದು ವ್ಯತ್ಯಾಸ ಒತ್ತಡದ್ದು. ಆಟದ ದೋಣಿಗೆ ತುಂಬಾ ಕಡಿಮೆ ಗಾಳಿ ಹಿಡಿಸುತ್ತದೆ. ಅದರ ಮೇಲೆ ಇಬ್ಬರು ದೊಡ್ಡವರು ಕೂತರೆ ನಡು ಬಾಗುತ್ತದೆ. ಗಟ್ಟಿ ದೋಣಿಯ ಟ್ಯೂಬಿಗೆ ಸುಮಾರು 0.2ರಿಂದ 0.25 ಬಾರ್, ಅಂದರೆ 3 ಪಿಎಸ್‌ಐ ಆಸುಪಾಸು ಗಾಳಿ ಹಾಕುತ್ತಾರೆ. ಮುಟ್ಟಿದರೆ ಹಲಗೆಯಷ್ಟು ಬಿಗಿ ಇರುತ್ತದೆ.

ಪಿವಿಸಿ ಎಷ್ಟು ದಪ್ಪ ಇರಬೇಕು? ಹೈಪಲಾನ್ ಒಳ್ಳೆಯದಾ?

0.9 ಮಿಲಿಮೀಟರ್ ಇದ್ದರೆ ಕುಟುಂಬದ ಬಳಕೆಗೆ ಆರಾಮ. 0.7 ಕೂಡ ನಡೆಯುತ್ತದೆ, ದಂಡೆಯಲ್ಲಿ ಎಳೆಯದೆ ಎತ್ತಿ ಇಡುವುದಾದರೆ. ತಳಕ್ಕೆ ಇನ್ನೊಂದು ಪದರ ಹಾಕಿದ್ದರೆ ಅದಕ್ಕೇ ಆದ್ಯತೆ ಕೊಡಿ. ಬೆಸುಗೆ ಹಾಕಿದ ಹೊಲಿಗೆ ಇರುವ ದೋಣಿ ನಮ್ಮ ಬಿಸಿಲಿಗೆ ಅಂಟು ಹಾಕಿದ್ದಕ್ಕಿಂತ ಹೆಚ್ಚು ಬಾಳುತ್ತದೆ. ಹೈಪಲಾನ್ ಜಾತಿಯ ರಬ್ಬರ್ ಬಿಸಿಲನ್ನು ಪಿವಿಸಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಬೆಲೆ ತುಂಬಾ ಜಾಸ್ತಿ. ದಿನವೂ ಹೊರಗೆ ಬಿಸಿಲಲ್ಲಿ ಇರುವ ದೋಣಿಗೆ ಅದು ಬೇಕು, ವಾರಕ್ಕೊಮ್ಮೆ ಬಿಚ್ಚುವ ದೋಣಿಗೆ ಬೇಕಿಲ್ಲ. ಟ್ಯೂಬ್ ಮಾತ್ರ ತಿಳಿ ಬಣ್ಣದ್ದನ್ನೇ ಆರಿಸಿ. ಕಪ್ಪು, ಕಡು ಹಸಿರು ಟ್ಯೂಬ್ ಬೇಗ ಕಾಯುತ್ತದೆ.

ನಾವು ನಾಲ್ಕು ಜನ. ಯಾವ ಅಳತೆಯದು ಬೇಕು?

ಪೆಟ್ಟಿಗೆಯ ಮೇಲೆ "4 ಜನರಿಗೆ" ಎಂದು ಬರೆದಿದ್ದರೆ ಅದು ಉಸಿರು ಬಿಗಿಹಿಡಿದು ಕೂರುವ ನಾಲ್ಕು ಜನರಿಗೆ. ಜನರ ಲೆಕ್ಕ ಬಿಟ್ಟು ಕಿಲೋ ಲೆಕ್ಕ ಹಾಕಿ.

ಅಪ್ಪ 75, ಅವ್ವ 60, ದೊಡ್ಡವನು 35, ಚಿಕ್ಕವಳು 20. ಇದೇ 190 ಕಿಲೋ ಆಯಿತು. ನೀರಿನ ಕ್ಯಾನ್, ಬುತ್ತಿ, ಗಾಳದ ಸಾಮಾನು, ಲಂಗರು ಸೇರಿ 20. ಮೋಟಾರು, ಬ್ಯಾಟರಿ ಇಟ್ಟರೆ ಇನ್ನೊಂದು 35. ಒಟ್ಟು 245. ದೋಣಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಗರಿಷ್ಠ ಭಾರ ಎಂದು ಬರೆದಿರುತ್ತದೆ. ನಿಮ್ಮ ಒಟ್ಟು ಅದರ ಮುಕ್ಕಾಲು ಭಾಗ ದಾಟದಿರಲಿ. ಅಂದರೆ ಈ ಮನೆಗೆ ಕಡಿಮೆ ಎಂದರೂ 330 ಕಿಲೋ ತಾಳುವ ದೋಣಿ ಬೇಕು. ಉದ್ದದಲ್ಲಿ ಅದು ಸುಮಾರು 3 ಮೀಟರ್ ಆಸುಪಾಸು ಬರುತ್ತದೆ. ಇಬ್ಬರಿಗೆ ಮಾತ್ರ ಎಂದರೆ 2.3ರಿಂದ 2.5 ಮೀಟರ್ ಸಾಕು. ಐಎಸ್‌ಒ 6185 ಎಂಬುದು ಗಾಳಿ ದೋಣಿಗಳ ಅಂತರರಾಷ್ಟ್ರೀಯ ಮಾನದಂಡ. ಚೀಟಿಯಲ್ಲಿ ಆ ಸಂಖ್ಯೆ ಇದ್ದರೆ ಒಳ್ಳೆಯದು.

ಟ್ಯೂಬ್ ಎಷ್ಟು ಭಾಗ ಆಗಿದೆ ಎಂದು ಎಣಿಸಿ. ಒಂದಕ್ಕೊಂದು ಸಂಬಂಧ ಇಲ್ಲದ ಮೂರು ಗಾಳಿ ಕೋಣೆ ಇದ್ದರೆ ಒಂದು ತೂತಾದರೂ ಉಳಿದೆರಡು ಎತ್ತಿ ಹಿಡಿಯುತ್ತವೆ. ಒಂದೇ ಕೋಣೆಯ ದೋಣಿಗೆ ಮಕ್ಕಳನ್ನು ಹತ್ತಿಸಲೇಬೇಡಿ. ಕೊಂಡ ಮೇಲೆ ಮೊಣಕಾಲುದ್ದ ನೀರಲ್ಲಿ ಎಲ್ಲರೂ ಕೂತು, ಬೇಕಂತಲೇ ಒಂದು ಕೋಣೆಯ ಗಾಳಿ ಬಿಟ್ಟು ನೋಡಿ. ದೋಣಿ ಹೇಗೆ ವಾಲುತ್ತದೆ, ಯಾರು ಎತ್ತ ಸರಿಯಬೇಕು ಎಂದು ಮಕ್ಕಳಿಗೂ ತಿಳಿಯುತ್ತದೆ. ಮುಂದೆ ಯಾವತ್ತಾದರೂ ನಿಜವಾಗಿ ಹಾಗಾದರೆ ಅವರು ಗಾಬರಿ ಬೀಳುವುದಿಲ್ಲ.

ತಳ ಯಾವುದು ಒಳ್ಳೆಯದು?

ಬರೀ ಹಾಳೆಯ ತಳದಲ್ಲಿ ಕಾಲಿಟ್ಟರೆ ಮೆತ್ತಗೆ ಕುಸಿಯುತ್ತದೆ. ಪಟ್ಟಿ ಹಲಗೆಯ ತಳ ಸುತ್ತಿ ಮಡಚಬಹುದು, ಹಗುರ, ಅಗ್ಗ. ಪ್ಲೈವುಡ್ ಅಥವಾ ಅಲ್ಯೂಮಿನಿಯಂ ತಳ ಗಟ್ಟಿ, ಆದರೆ ದೋಣಿ 50 ಕಿಲೋ ಹತ್ತಿರ ಹೋಗುತ್ತದೆ. ಜೋಡಿಸುವಾಗ ಬೆರಳೂ ಸಿಕ್ಕಿಹಾಕಿಕೊಳ್ಳುತ್ತದೆ. ನಮಗೆ ಮೆಚ್ಚುಗೆ ಆಗಿರುವುದು ಒಳಗೆ ಸಾವಿರಾರು ದಾರ ಹೊಲಿದ ಗಾಳಿ ತಳ. 0.6 ಬಾರ್ ತುಂಬಿದರೆ ಹಲಗೆಯಂತೆ ನಿಲ್ಲುತ್ತದೆ, ಗಾಳಿ ಬಿಟ್ಟರೆ ಚಾಪೆಯಂತೆ ಸುತ್ತಿಕೊಳ್ಳುತ್ತದೆ. ಮಕ್ಕಳು ಬರಿಗಾಲಲ್ಲಿ ಕೂರಲೂ ಹಿತ. ಆದರೆ ಅದರ ಮೇಲೆ ಗಾಳದ ಪೆಟ್ಟಿಗೆ ತೆರೆದಿಡಬೇಡಿ.

ಗಾಳಿ ತುಂಬುವ ಕಯಾಕ್ (ಉದ್ದನೆಯ ಕಿರಿದಾದ ದೋಣಿ) ಕೊಂಡರೆ ಹೇಗೆ?

ಒಬ್ಬರೇ ಅಥವಾ ಇಬ್ಬರು ದೊಡ್ಡವರು ಹೋಗುವುದಾದರೆ ಚೆನ್ನ. ಹಗುರ, ನೇರ ಓಡುತ್ತದೆ, ಗಾಳಿಗೂ ಅಷ್ಟು ಸಿಗುವುದಿಲ್ಲ. ಸಣ್ಣ ಮಕ್ಕಳಿಗೆ, ಬುತ್ತಿ ಕಟ್ಟಿಕೊಂಡು ಹೋಗುವ ಸಂಸಾರಕ್ಕೆ ದೋಣಿಯೇ ಸರಿ.

ಹುಟ್ಟು ಸಾಕಾ, ಮೋಟಾರು ಬೇಕಾ?

ಮೊದಲ ವರ್ಷ ಹುಟ್ಟು. ಇದನ್ನು ನಾವು ಒತ್ತಿ ಹೇಳುತ್ತೇವೆ. ಹುಟ್ಟು ಹಾಕಿದವರಿಗೆ ಗಾಳಿ ಎತ್ತ ಎಳೆಯುತ್ತದೆ, ತೋಳಿಗೆ ಎಷ್ಟು ದೂರ ಆಗುತ್ತದೆ ಎಂಬುದು ಮೈಗೇ ಗೊತ್ತಾಗುತ್ತದೆ. ಮೋಟಾರು ಇದ್ದರೆ ಆ ಲೆಕ್ಕ ಕಲಿಯುವ ಮೊದಲೇ ದೂರ ಹೋಗಿರುತ್ತೀರಿ. ಅದು ನಿಂತ ದಿನ ವಾಪಸ್ ಬರಲು ತೋಳು ಸಾಲದು.

ಆಮೇಲೆ ಬೇಕೆನಿಸಿದರೆ ಬ್ಯಾಟರಿಯ ಸಣ್ಣ ಮೋಟಾರು ನೋಡಿ. ಶಬ್ದ ಇಲ್ಲ, ಎಣ್ಣೆ ನೀರಿಗೆ ಬೀಳುವುದಿಲ್ಲ. 30 ಪೌಂಡ್ ತಳ್ಳುವ 12 ವೋಲ್ಟ್ ಮೋಟಾರು ಪೂರ್ತಿ ವೇಗದಲ್ಲಿ ಗಂಟೆಗೆ 30 ಆಂಪ್-ಅವರ್ ಹತ್ತಿರ ಎಳೆಯುತ್ತದೆ. 100 ಆಂಪ್-ಅವರ್‌ನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಆ ಲೆಕ್ಕದಲ್ಲಿ ಪೂರ್ತಿ ವೇಗ ಒಂದೂವರೆ ಗಂಟೆ ಮೇಲೆ ಸಿಗುತ್ತದೆ. ನಿಧಾನ ಓಡಿಸಿದರೆ ಎಷ್ಟೋ ಪಟ್ಟು ಹೆಚ್ಚು.

ಮನೆಯ ಇನ್ವರ್ಟರ್ ಬ್ಯಾಟರಿ ಒಯ್ಯಬಹುದಾ ಎಂದು ಬಹಳ ಜನ ಕೇಳುತ್ತಾರೆ. ಬೇಡ. 150 ಆಂಪ್-ಅವರ್‌ನ ಎತ್ತರದ ಟ್ಯೂಬುಲರ್ ಬ್ಯಾಟರಿ 50 ಕಿಲೋಗಿಂತ ಜಾಸ್ತಿ ತೂಗುತ್ತದೆ. ಎತ್ತರ ಇರುವುದರಿಂದ ವಾಲಿದರೆ ಉರುಳುತ್ತದೆ, ಒಳಗಿನ ಆಸಿಡ್ ಚೆಲ್ಲುತ್ತದೆ. ಸೀಲ್ ಆದ ಡೀಪ್ ಸೈಕಲ್ ಬ್ಯಾಟರಿ (ಹೆಚ್ಚು ಹೊತ್ತು ಕರೆಂಟ್ ಕೊಟ್ಟು ಮತ್ತೆ ಮತ್ತೆ ಚಾರ್ಜ್ ಆಗಲೆಂದೇ ಮಾಡಿದ್ದು) ತೆಗೆದುಕೊಳ್ಳಿ. ದುಡ್ಡು ಇದ್ದರೆ ಲಿಥಿಯಂ ಐರನ್ ಫಾಸ್ಫೇಟ್. ಅದೇ 100 ಆಂಪ್-ಅವರ್‌ಗೆ ಅರ್ಧಕ್ಕಿಂತ ಕಡಿಮೆ ತೂಕ. ಯಾವುದೇ ಇರಲಿ, ಮುಚ್ಚಳ ಇರುವ ಡಬ್ಬಿಯಲ್ಲಿಟ್ಟು ಬೆಲ್ಟಿನಿಂದ ಬಿಗಿಯಿರಿ.

ಮೋಟಾರು ಹಾಕಿದ ತಕ್ಷಣ ಕಾನೂನಿನ ಲೆಕ್ಕವೂ ಬದಲಾಗುತ್ತದೆ. ಯಂತ್ರದಿಂದ ಓಡುವ ದೋಣಿಗಳ ನೋಂದಣಿ, ತಪಾಸಣೆಗೆ 2021ರ ಒಳನಾಡು ಹಡಗು ಕಾಯ್ದೆ ಇದೆ. ಮೋಟಾರು ಕೊಳ್ಳುವ ಮೊದಲೇ ಆ ನೀರಿನ ಉಸ್ತುವಾರಿ ಇರುವ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಲೈಫ್ ಜಾಕೆಟ್ ಎಲ್ಲರಿಗೂ ಬೇಕಾ? ನಮಗೆ ಈಜು ಬರುತ್ತದೆ.

ಎಲ್ಲರಿಗೂ ಬೇಕು. ಬಾವಿಯಲ್ಲಿ ಈಜು ಕಲಿತವರಿಗೂ ಬೇಕು. ಸೊಂಟಕ್ಕೆ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಕಲಿತ ಈಜು ದೊಡ್ಡ ವಿದ್ಯೆಯೇ. ಆದರೆ ಬಾವಿಯಲ್ಲಿ ಗೋಡೆ ನಾಲ್ಕು ಮಾರು ದೂರ. ಕೆರೆಯ ನಡುವೆ ಬಟ್ಟೆ ಹಾಕಿಕೊಂಡು, ಒಂದು ಕೈಯಲ್ಲಿ ಮಗು ಹಿಡಿದುಕೊಂಡು ಈಜುವುದು ಬೇರೆ.

ದೋಣಿಗಿಂತ ಮೊದಲು ಜಾಕೆಟ್ ಕೊಳ್ಳಿ. ದುಡ್ಡು ಸಾಲದಿದ್ದರೆ ದೋಣಿಯನ್ನು ಮುಂದಿನ ವರ್ಷಕ್ಕೆ ತಳ್ಳಿ.

ಜಾಕೆಟ್‌ನ ಒಳಗೆ ನ್ಯೂಟನ್ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. 50 ಎಂದಿದ್ದರೆ ಅದು ಈಜು ಬರುವವರಿಗೆ, ದಂಡೆ ಹತ್ತಿರ, ನೆರವು ಪಕ್ಕದಲ್ಲೇ ಇರುವಾಗ. ಈಜು ಬಾರದವರಿಗೆ, ಮಕ್ಕಳಿಗೆ, ಅಜ್ಜ ಅಜ್ಜಿಗೆ 100 ಬೇಕು. ಅದರಲ್ಲಿ ತಲೆ ಹಿಂದೆ ದಿಂಬಿನಂಥ ಕಾಲರ್ ಇರುತ್ತದೆ. ಪ್ರಜ್ಞೆ ತಪ್ಪಿದರೂ ಮುಖ ಮೇಲೆ ಇರುವಂತೆ ತಿರುಗಿಸಲೆಂದೇ ಅದನ್ನು ಮಾಡಿರುತ್ತಾರೆ. ಮಕ್ಕಳ ಜಾಕೆಟ್‌ಗೆ ಕಾಲ ನಡುವೆ ಹಾಯುವ ಪಟ್ಟಿ ಕಡ್ಡಾಯ. ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲಿ ಮಗು ಕೆಳಗೆ ಜಾರುತ್ತದೆ. ಹಾಕಿ ನೋಡುವಾಗ ಭುಜದ ಹತ್ತಿರ ಹಿಡಿದು ಮೇಲೆತ್ತಿ. ಗಲ್ಲ, ಕಿವಿ ಮುಚ್ಚುವಷ್ಟು ಮೇಲೆ ಬಂದರೆ ಅದು ದೊಡ್ಡದಾಯಿತು. "ಮುಂದಿನ ವರ್ಷಕ್ಕೂ ಆಗಲಿ" ಎಂದು ದೊಡ್ಡ ಅಳತೆ ಕೊಳ್ಳುವ ರೂಢಿ ಇಲ್ಲಿ ಮಾತ್ರ ಬೇಡ. ಕೈಗೆ ಹಾಕುವ ಗಾಳಿ ಪಟ್ಟಿ, ಟೈರಿನ ಟ್ಯೂಬು ಜಾಕೆಟ್‌ನ ಜಾಗ ತುಂಬುವುದಿಲ್ಲ.

ಸೀರೆ ಉಟ್ಟವರು ದೋಣಿ ಹತ್ತುವುದಾದರೆ ನೆರಿಗೆ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಲಿ. ಚೂಡಿದಾರ ಆದರೆ ಇನ್ನೂ ಒಳ್ಳೆಯದು, ದುಪಟ್ಟಾ ದಂಡೆಯಲ್ಲೇ ಇರಲಿ. ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಹೊರಡುವ ಮೊದಲು ಎಲ್ಲಿಗೆ, ಯಾವಾಗ ವಾಪಸ್ ಎಂದು ದಂಡೆಯಲ್ಲಿ ಒಬ್ಬರಿಗೆ ಹೇಳಿರಿ. ಮೊಬೈಲ್ ನೀರು ಹೋಗದ ಚೀಲದಲ್ಲಿ ಕೊರಳಲ್ಲಿರಲಿ. ತುರ್ತಿಗೆ 112, ಅಗ್ನಿಶಾಮಕ ದಳಕ್ಕೆ 101. ಮುಳುಗಿದವರನ್ನು ಎತ್ತಿದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಉಸಿರಾಟ ಇಲ್ಲದಿದ್ದರೆ ಮೊದಲು ಬಾಯಿಂದ ಉಸಿರು, ಜೊತೆಗೆ ಎದೆ ಒತ್ತುವುದು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಎಲ್ಲಾದರೂ ಪ್ರಥಮ ಚಿಕಿತ್ಸೆ ತರಬೇತಿ ಇದ್ದರೆ ಗಂಡ ಹೆಂಡತಿ ಇಬ್ಬರೂ ಹೋಗಿ ಬನ್ನಿ.

ನಮ್ಮ ಬಿಸಿಲಿಗೆ ದೋಣಿ ಒಡೆಯುತ್ತದಾ?

ಒಡೆಯಬಹುದು, ದಂಡೆಯಲ್ಲಿ ಬಿಟ್ಟರೆ. ಲೆಕ್ಕ ನೋಡಿ. ಬೆಳಿಗ್ಗೆ 25 ಡಿಗ್ರಿಯಲ್ಲಿ 0.2 ಬಾರ್ ತುಂಬಿದಿರಿ. ಮಧ್ಯಾಹ್ನ ಟ್ಯೂಬ್ ಒಳಗಿನ ಗಾಳಿ 45 ಡಿಗ್ರಿಗೆ ಕಾದರೆ ಒತ್ತಡ ಸುಮಾರು 0.28 ಬಾರ್ ಆಗುತ್ತದೆ, ಅಂದರೆ 40 ಪ್ರತಿಶತ ಜಾಸ್ತಿ. ನೀರಲ್ಲಿ ಇದ್ದಾಗ ತಳದಿಂದ ತಂಪು ಸಿಗುತ್ತದೆ. ದಂಡೆಗೆ ಎಳೆದು ರೊಟ್ಟಿ ಬುತ್ತಿ ಬಿಚ್ಚಿ ಕೂತಾಗಲೇ ಹೊಲಿಗೆ ಬಿಡುವುದು. ಬೇವಿನ ಮರದ ನೆರಳಿಗೆ ಸರಿಸಿ, ಅಥವಾ ಪ್ರತಿ ಕೋಣೆಯಿಂದ ಸ್ವಲ್ಪ ಗಾಳಿ ಬಿಡಿ.

ಇದರ ಉಲ್ಟಾನೂ ಇದೆ. ಬಿಸಿಲಲ್ಲಿ ತುಂಬಿ ತಣ್ಣನೆ ನೀರಿಗೆ ಇಳಿಸಿದರೆ ಮೆತ್ತಗಾಗುತ್ತದೆ. ಇಳಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಪಂಪ್ ಹೊಡೆಯಿರಿ. ಸೈಕಲ್ ಪಂಪಿನಿಂದ ಆಗದ ಕೆಲಸ ಇದು. ಅದರಲ್ಲಿ ಒತ್ತಡ ಇದೆ, ಆದರೆ ಒಂದು ಸಲಕ್ಕೆ ಬರುವ ಗಾಳಿ ತೀರಾ ಕಡಿಮೆ. ಕಾಲಲ್ಲಿ ತುಳಿಯುವ ಪಂಪು, ಅಥವಾ ಕಾರಿನ 12 ವೋಲ್ಟಿಗೆ ಹಾಕುವ ಪಂಪು ತೆಗೆದುಕೊಳ್ಳಿ. ಒತ್ತಡ ತೋರಿಸುವ ಗೇಜ್ ಇರಲೇಬೇಕು.

ಗಾಳಿ ಬೀಸುವ ದಿನ ಹೋಗಬಹುದಾ?

ಬೇಡ. ಕಪ್ಪತಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಗದಗ ಸೀಮೆಯ ಗಾಳಿ ಅಂಥದ್ದು. ಗಾಳಿ ದೋಣಿ ನೀರೊಳಗೆ ಮುಳುಗಿರುವುದು ಸ್ವಲ್ಪ, ಮೇಲೆ ಎದ್ದಿರುವುದೇ ಬಹಳ. ಬೀಸಿದ ಕಡೆಗೆ ಎಳೆದುಕೊಂಡು ಹೋಗುತ್ತದೆ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಂಡರೆ ದೋಣಿ ಬಿಚ್ಚಲೇಬೇಡಿ. ಸಾಧಾರಣ ಗಾಳಿ ಇದ್ದರೆ ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ವಾಪಸ್ ಬರುವಾಗ ಅದೇ ತಳ್ಳಿಕೊಂಡು ತರುತ್ತದೆ. ಬೆಳಿಗ್ಗೆ ಹತ್ತರೊಳಗೆ ಮುಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಪ್ಪಾದರೆ ಗುಡುಗು ಕೇಳುವವರೆಗೆ ಕಾಯಬೇಡಿ. ಬಯಲು ನೀರಲ್ಲಿ ಎತ್ತರಕ್ಕೆ ಇರುವುದು ನೀವು ಮತ್ತು ನಿಮ್ಮ ಗಾಳದ ಕೋಲು ಮಾತ್ರ.

ಹೊಲದ ಕೃಷಿ ಹೊಂಡದಲ್ಲಿ ಕಲಿತರೆ ಆಗದಾ?

ದಯವಿಟ್ಟು ಬೇಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಹೊಲ ಹೊಲಕ್ಕೂ ಹೊಂಡ ಆಗಿದೆ. ರೈತರಿಗೆ ತುಂಬಾ ಉಪಕಾರ ಆಗಿದೆ. ಆದರೆ ಅದರ ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲೂರಲು ಏನೂ ಸಿಗುವುದಿಲ್ಲ. ಇಳಿಜಾರು ನೆಟ್ಟಗಿರುತ್ತದೆ. ಬಿದ್ದವರಿಗೆ ಹತ್ತಲು ಆಗುವುದಿಲ್ಲ, ಎತ್ತಲು ಹೋದವರೂ ಜಾರುತ್ತಾರೆ. ಹೀಗೆ ಮಕ್ಕಳು ಜೀವ ಕಳೆದುಕೊಂಡ ಸುದ್ದಿ ನಾವೆಲ್ಲ ಓದಿದ್ದೇವೆ. ನಿಧಾನವಾಗಿ ಆಳವಾಗುವ, ಗಟ್ಟಿ ನೆಲದ ಕೆರೆ ಅಂಚಿನಲ್ಲಿ ಕಲಿಯಿರಿ.

ತುಂಗಭದ್ರಾ, ವರದಾ, ಮಲಪ್ರಭಾ ಹೊಳೆಗೆ ಇಳಿಸಬಹುದಾ?

ಮೊದಲ ವರ್ಷ ಬೇಡ. ಹೊಳೆಯ ನೀರು ನಿಮ್ಮ ಊರಿನ ಮಳೆ ಕೇಳಿ ಏರುವುದಿಲ್ಲ. ಶಿವಮೊಗ್ಗ ಕಡೆ ತುಂಗಾ, ಭದ್ರಾ ಜಲಾಶಯದಿಂದ ನೀರು ಬಿಟ್ಟರೆ ಹಾವೇರಿ ಜಿಲ್ಲೆಯಲ್ಲಿ ಆಕಾಶ ತಿಳಿಯಾಗಿದ್ದರೂ ತುಂಗಭದ್ರೆ ಏರುತ್ತಾಳೆ. ನವಿಲುತೀರ್ಥದಿಂದ ಬಿಟ್ಟರೆ ನರಗುಂದ, ಹೊಳೆಆಲೂರು ಕಡೆ ಮಲಪ್ರಭೆ ಹಾಗೆಯೇ.

ಬಾಂದಾರಗಳಿಂದ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಒಡ್ಡುಗಳಿಂದ, ದೂರ ಇರಿ. ಬ್ರಿಡ್ಜ್ ಕಂ ಬಾಂದಾರದ ಮೇಲಿಂದ ನೀರು ಹರಿಯುತ್ತಿದ್ದರೆ ಕೆಳಗೆ ಬಿದ್ದ ನೀರು ಹಿಂದಕ್ಕೆ ಸುರುಳಿ ಸುತ್ತುತ್ತದೆ. ಅದರಲ್ಲಿ ಸಿಕ್ಕ ದೋಣಿ ಹೊರಗೆ ಬರುವುದಿಲ್ಲ, ಜಾಕೆಟ್ ಹಾಕಿದ ಮನುಷ್ಯನೂ ಬರುವುದು ಕಷ್ಟ. ಮೇಲಿನ ಬದಿಯಲ್ಲಿ ನೀರು ಶಾಂತವಾಗಿ ಕಂಡರೂ ತೂಬಿನ ಕಡೆ ಸೆಳೆತ ಇರುತ್ತದೆ. ಮರಳು ತೆಗೆದ ಕಡೆ ಮೊಣಕಾಲುದ್ದ ನೀರು ಒಂದೇ ಹೆಜ್ಜೆಗೆ ಆಳ ಆಗುತ್ತದೆ. ಮೊಸಳೆ ಇದೆ ಎಂದು ದಂಡೆಯ ಊರಿನವರು ಹೇಳಿದರೆ ನಂಬಿ. ತುಂಗಭದ್ರೆಯಲ್ಲಿ ಇವೆ.

ಸಂಕ್ರಾಂತಿಯ ದಿನ ಹೊಳೆ ದಂಡೆಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗುವುದು ನಮ್ಮಲ್ಲಿ ಹಬ್ಬವೇ. ಅವತ್ತು ನೀರಲ್ಲಿ ಮೀಯುವವರು ತುಂಬಿರುತ್ತಾರೆ. ದೋಣಿ ಮನೆಯಲ್ಲಿರಲಿ.

ಗಾಳಿ ದೋಣಿಯಲ್ಲಿ ಗಾಳ ಹಾಕುವುದು ಅಪಾಯ ಅಲ್ವಾ?

ಜಾಗ್ರತೆ ಇದ್ದರೆ ಅಲ್ಲ. ಗಾಳದ ಮೊನೆಗೆ ಯಾವಾಗಲೂ ಮುಚ್ಚಳ. ಒಂದು ಹೊತ್ತಿಗೆ ಒಬ್ಬರೇ ಗಾಳ ಬೀಸಲಿ, ಇನ್ನೊಬ್ಬರು ಹುಟ್ಟು ಹಿಡಿಯಲಿ. ಮಕ್ಕಳು ಬೀಸುವವರ ಹಿಂದೆ ಕೂರದಿರಲಿ. ಎದ್ದು ನಿಂತು ಬೀಸಬೇಡಿ.

ಮೊನೆಗಿಂತ ಮೀನಿನ ಮುಳ್ಳೇ ಹೆಚ್ಚು ತೂತು ಮಾಡುತ್ತದೆ. ಚೇಳು ಮೀನಿನ ಎದೆಯ ಮುಳ್ಳು ಟ್ಯೂಬಿಗೂ ಚುಚ್ಚುತ್ತದೆ, ಕೈಗೂ ಚುಚ್ಚುತ್ತದೆ. ಕೈಗಾದರೆ ನೋವು ಜೋರು. ತಾಳುವಷ್ಟು ಬಿಸಿ ನೀರಲ್ಲಿ ಅದ್ದಿದರೆ ಇಳಿಯುತ್ತದೆ, ಬಾವು ಏರಿದರೆ ಡಾಕ್ಟರ ಹತ್ತಿರ ಹೋಗಿ. ಜಿಲೇಬಿ ಮೀನಿನ ಬೆನ್ನಿನ ಮುಳ್ಳೂ ಕಡಿಮೆ ಇಲ್ಲ. ಹಿಡಿದ ಮೀನು ಮುಚ್ಚಳ ಇರುವ ಬಕೆಟ್ಟಿಗೆ ನೇರ ಹೋಗಲಿ. ಕೂರುವ ಕಡೆ ಒಂದು ದಪ್ಪ ಗೋಣಿ ಹಾಸಿ.

ಲಂಗರಿಗೆ ಮೊನೆ ಇರುವ ಕಬ್ಬಿಣ ಬೇಡ. ಬಲೆಚೀಲದಲ್ಲಿ ಮರಳು ತುಂಬಿದ ಸಣ್ಣ ಚೀಲ ಇಟ್ಟು ಹಗ್ಗ ಕಟ್ಟಿದರೆ ನಿಂತ ನೀರಿಗೆ ಸಾಕು. ಹಗ್ಗ ದೋಣಿಯ ಮೂತಿಗೇ ಕಟ್ಟಿ, ಬದಿಗೆ ಕಟ್ಟಬೇಡಿ.

ಕಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ ತಳದಲ್ಲಿ. ತೇಲುಬುರುಡೆಯಿಂದ ಗಾಳದವರೆಗಿನ ದಾರ ಎಷ್ಟಿರಬೇಕು ಎಂಬುದು ಇದರ ಮೇಲೆ ನಿಂತಿದೆ. ಕೊರವ ಸಿಗುವುದು ಜೊಂಡಿನ ಅಂಚಿನಲ್ಲಿ. ಜೊಂಡಿನೊಳಗೇ ದೋಣಿ ನುಗ್ಗಿಸದೆ ಹೊರಗೆ ನಿಂತು ಬೀಸಿ, ಒಳಗೆ ಹಕ್ಕಿ ಗೂಡು ಇರುತ್ತವೆ. ತುಂಡಾದ ನೈಲಾನ್ ದಾರ ಒಂದು ಗೇಣೂ ನೀರಲ್ಲಿ ಬಿಡಬೇಡಿ. ನೀರುಕಾಗೆ, ಬಾತುಗಳ ಕಾಲಿಗೆ ಸುತ್ತಿ ಅವು ಸಾಯುತ್ತವೆ.

ತೂತಾದರೆ ಪಂಕ್ಚರ್ ಅಂಗಡಿಯವರು ಹಾಕಿಕೊಡುತ್ತಾರಾ?

ಅವರ ಸೊಲ್ಯೂಷನ್ ರಬ್ಬರ್ ಟ್ಯೂಬಿಗೆ ಮಾಡಿದ್ದು, ಪಿವಿಸಿಗೆ ನಿಲ್ಲುವುದಿಲ್ಲ. ಪಿವಿಸಿ ಅಂಟು, ಅದೇ ಬಟ್ಟೆಯ ತುಂಡು ದೋಣಿಯ ಜೊತೆಗೇ ಬಂದಿರಬೇಕು. ಸೋಪು ನೀರು ಸವರಿ ಗುಳ್ಳೆ ಏಳುವ ಜಾಗ ಗುರುತು ಮಾಡಿ. ಪೂರ್ತಿ ಗಾಳಿ ತೆಗೆದು, ಒಣಗಿಸಿ, ಮರಳು ಕಾಗದದಿಂದ ಲಘುವಾಗಿ ಉಜ್ಜಿ. ಎರಡೂ ಬದಿಗೆ ತೆಳ್ಳಗೆ ಅಂಟು ಹಚ್ಚಿ, ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತಿ. ಒಂದು ದಿನ ಭಾರ ಇಟ್ಟು ಬಿಡಿ. ಗಣೇಶನ ಮೂರ್ತಿ ಬಿಡುವ ಕೆರೆಯಾದರೆ ಆ ಮೂಲೆಗೆ ಹೋಗಬೇಡಿ, ತಳದಲ್ಲಿ ಕಟ್ಟಿಗೆ, ತಂತಿ ಉಳಿದಿರುತ್ತವೆ.

ಮನೆಯಲ್ಲಿ ಹೇಗೆ ಇಡುವುದು?

ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಸಡಿಲವಾಗಿ ಸುತ್ತಿ ಇಡಿ. ಮಡಿಕೆಯಲ್ಲಿ ಎರೆ ಮಣ್ಣು ಉಳಿದರೆ ಒಣಗಿ ಹಾಳೆಯನ್ನು ಉಜ್ಜುತ್ತದೆ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಮಾಳಿಗೆ ಮೇಲೆ ಬಿಸಿಲಲ್ಲಿ ಇಡಬೇಡಿ. ಜೋಳದ ಚೀಲ ಇಡುವ ಕೋಣೆಯೂ ಬೇಡ, ಇಲಿ ಕಾಳು ಬಿಟ್ಟು ದೋಣಿಯನ್ನೂ ಕಡಿಯುತ್ತದೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ಮು ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ?

ಕೊಳ್ಳಬಹುದು, ನೋಡಿ ಕೊಂಡರೆ. ಮಾರುವವರ ಮನೆಗೆ ಹಿಂದಿನ ಸಂಜೆಯೇ ಹೋಗಿ, ಪೂರ್ತಿ ಗಾಳಿ ತುಂಬಿಸಿ, ಮರುದಿನ ಬೆಳಿಗ್ಗೆ ಮತ್ತೆ ನೋಡಿ. ರಾತ್ರಿಯ ತಂಪಿಗೆ ಸ್ವಲ್ಪ ಮೆತ್ತಗಾಗುವುದು ಸಹಜ. ಒಂದು ಕೋಣೆ ಮಾತ್ರ ಉಳಿದವುಗಳಿಗಿಂತ ಹೆಚ್ಚು ಇಳಿದಿದ್ದರೆ ಅಲ್ಲಿ ಸೋರಿಕೆ ಇದೆ. ಹೊಲಿಗೆಯ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ. ಮೇಲ್ಮೈ ಅಂಟಂಟಾಗಿದ್ದರೆ ಅಥವಾ ಬಿಳಿ ಪುಡಿ ಕೈಗೆ ಹತ್ತಿದರೆ ಬಿಸಿಲು ತಿಂದಿದೆ ಎಂದರ್ಥ, ಅದನ್ನು ಬಿಟ್ಟುಬಿಡಿ. ವಾಲ್ವ್‌ನ ಮುಚ್ಚಳ, ವಾಷರ್ ಸರಿ ಇದೆಯಾ ಎಂದು ತಿರುಗಿಸಿ ನೋಡಿ. ಭಾರದ ಚೀಟಿ ಕಿತ್ತುಹೋಗಿದ್ದರೆ ಮಾಡೆಲ್ ಹೆಸರು ಕೇಳಿಕೊಂಡು ವಿವರ ಹುಡುಕಿದ ಮೇಲೆಯೇ ದುಡ್ಡು ಕೊಡಿ. ದೋಣಿಯ ಜೊತೆ ಹಳೇ ಲೈಫ್ ಜಾಕೆಟ್ ಸುಮ್ನೆ ಕೊಡುತ್ತೇವೆ ಎಂದರೆ ತೆಗೆದುಕೊಂಡರೂ ಹಾಕಿಕೊಳ್ಳಬೇಡಿ. ಒಳಗಿನ ಫೋಮ್ ವರ್ಷ ಕಳೆದಂತೆ ಕುಗ್ಗಿ ತೇಲುವ ಶಕ್ತಿ ಕಳೆದುಕೊಳ್ಳುತ್ತದೆ. ಹೊಸದನ್ನೇ ಕೊಳ್ಳಿ.